ಗುಳ್ಳೆಯ ದನಿ ಕೇಳಿ ಗ್ಯಾಸ್ ಅಳೆಯುವುದು

ಮೊದಲು ನಾನು ಗುಳ್ಳೆ ಎಣಿಸುತ್ತಿದ್ದದ್ದು ಕಣ್ಣಿನಿಂದ. ಯೀಸ್ಟ್, ಸಕ್ಕರೆ ನೀರು ತುಂಬಿದ ಒಂದು ಬಾಟಲಿ, ಅದರ ಬಿರಡೆಯಿಂದ ಹೊರಟ ಕೊಳವೆ, ಕೊಳವೆಯ ತುದಿ ಪಕ್ಕದ ಗಾಜಿನ ಜಾಡಿಯ ನೀರಿನೊಳಗೆ. ಗಂಟೆಗೆ ಎಷ್ಟು ಗ್ಯಾಸ್ ಹೊರಬರುತ್ತದೆಂದು ಮರುದಿನ ವಿದ್ಯಾರ್ಥಿಗಳಿಗೆ ತೋರಿಸಬೇಕಿತ್ತು. ಕಾಗದದ ಮೇಲೆ ನಾಲ್ಕು ಗೀಟು ನಿಲ್ಲಿಸಿ, ಐದನೆಯದನ್ನು ಅಡ್ಡ ಎಳೆಯುತ್ತಾ ಮುನ್ನೂರರ ಗಡಿ ದಾಟಿದ್ದೆ. ಯಾರೋ ಬಾಗಿಲು ತಟ್ಟಿದರು, ಲೆಕ್ಕ ತಪ್ಪಿತು. ಬೇಜಾರಿನಲ್ಲಿ ಮೇಜಿನ ಮೇಲೆ ತೋಳು ಚಾಚಿ, ಜಾಡಿಗೆ ಕಿವಿ ತಾಗುವಂತೆ ತಲೆ ಒರಗಿಸಿದೆ. ಟಿಕ್. ಎರಡು ಸೆಕೆಂಡ್ ಬಿಟ್ಟು ಮತ್ತೆ ಟಿಕ್. ಪ್ರತಿ ಗುಳ್ಳೆಯೂ ಹುಟ್ಟುವಾಗ ಒಂದು ಸಣ್ಣ ದನಿ ಮಾಡುತ್ತಿತ್ತು, ಅದೂ ಪ್ರತಿ ಸಲ ಒಂದೇ ಸ್ವರದಲ್ಲಿ.

ಎಣಿಸುವ ಕೆಲಸವನ್ನು ಅವತ್ತಿನಿಂದ ಕಿವಿಗೆ ವಹಿಸಿದೆ. ಆಮೇಲೆ ತಿಳಿದದ್ದು ಇನ್ನೂ ದೊಡ್ಡ ಲಾಭ: ಆ ಟಿಕ್ ಕೇಳಿದರೆ ಗುಳ್ಳೆ ಬಂತೆಂದಷ್ಟೇ ಗೊತ್ತಾಗುವುದಿಲ್ಲ, ಎಷ್ಟು ದೊಡ್ಡದು ಬಂತೆಂಬುದೂ ಗೊತ್ತಾಗುತ್ತದೆ. ಎಣಿಕೆ ಮತ್ತು ಗಾತ್ರ ಎರಡೂ ಒಂದೇ ದನಿಯಲ್ಲಿ ಸಿಕ್ಕಮೇಲೆ ಗ್ಯಾಸಿನ ಮೀಟರ್ ಇನ್ನೇಕೆ? ಹೀಗೆ ಕೇಳಿ ಅಳೆಯುವ ಮೀಟರನ್ನು ಕಟ್ಟುವ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಗುಳ್ಳೆ ಯಾಕೆ ಹಾಡುತ್ತದೆ ಎಂಬುದನ್ನು ಮೊದಲು ಮನಸ್ಸಿಗೆ ಹಾಕಿಕೊಳ್ಳಿ, ಮುಂದಿನ ಎಚ್ಚರಿಕೆಗಳೆಲ್ಲ ಅದರಿಂದಲೇ ಹುಟ್ಟುತ್ತವೆ. ಗುಳ್ಳೆಯೊಳಗಿನ ಗಾಳಿ ಒಂದು ಸ್ಪ್ರಿಂಗ್. ಸುತ್ತಲಿನ ನೀರು ಆ ಸ್ಪ್ರಿಂಗಿಗೆ ಕಟ್ಟಿದ ಭಾರ. ಒಮ್ಮೆ ಅದುಮಿ ಬಿಟ್ಟರೆ ಗುಳ್ಳೆ ಹಿಗ್ಗಿ ಕುಗ್ಗಿ ಹಿಗ್ಗಿ ಕುಗ್ಗಿ ನಿಲ್ಲುತ್ತದೆ. ಅದುಮುವವರು ಯಾರು? ಗುಳ್ಳೆ ಕೊಳವೆಯ ತುದಿಗೆ ಸಿಕ್ಕಿಸಿದ ಸೂಜಿಯಿಂದ ಕಳಚಿಕೊಳ್ಳುವಾಗ ಅದರ ಕತ್ತು ಎಳೆಯಷ್ಟು ತೆಳ್ಳಗಾಗಿ ಹರಿಯುತ್ತದೆ. ಹರಿದ ಮೊನೆಯನ್ನು ಮೇಲ್ಮೈ ಎಳೆತ ಫಟ್ಟನೆ ಗುಳ್ಳೆಯ ಕಡೆಗೆ ಸೆಳೆದುಕೊಳ್ಳುತ್ತದೆ, ಒಳಗಿನ ಗಾಳಿ ಒಂದಿಷ್ಟು ಅದುಮಿಹೋಗುತ್ತದೆ. ಗಂಟೆಗೆ ಬಿದ್ದ ಪೆಟ್ಟು ಅದೇ. ಗುಳ್ಳೆ ಮೇಲೆ ಬಂದು ಒಡೆಯುವಾಗ ದನಿ ಬರುತ್ತದೆಂದು ಬಹಳ ಜನ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಇಲ್ಲಿ ನಮಗೆ ಬೇಕಾದ ದನಿ ಹುಟ್ಟಿನದು.

ಈ ಸ್ವರದ ಲೆಕ್ಕವನ್ನು 1933ರಲ್ಲಿ ಬರೆದವರು ಮಾರ್ಸೆಲ್ ಮಿನ್ನಾರ್ಟ್. ಅವರು ಖಗೋಳ ವಿಜ್ಞಾನಿ. ನಕ್ಷತ್ರ ನೋಡುವವರಿಗೆ ಹರಿಯುವ ನೀರಿನ ಜುಳುಜುಳು ಯಾಕೆ ಕಾಡಿತೋ, ನನಗಂತೂ ಅದು ಇಷ್ಟವಾದ ವಿಚಾರ. ಅವರ ಸೂತ್ರವನ್ನು ನೀರಿಗೆ, ನೆಲಮಟ್ಟದ ಗಾಳಿಯ ಒತ್ತಡಕ್ಕೆ ಇಳಿಸಿದರೆ ಉಳಿಯುವುದು ಇಷ್ಟೇ: 3.26 ಅನ್ನು ಗುಳ್ಳೆಯ ತ್ರಿಜ್ಯದಿಂದ ಭಾಗಿಸಿ. ತ್ರಿಜ್ಯ ಮಿಲಿಮೀಟರಿನಲ್ಲಿದ್ದರೆ ಉತ್ತರ ಕಿಲೋಹರ್ಟ್ಜ್‌ನಲ್ಲಿ ಬರುತ್ತದೆ. 1 ಮಿ.ಮೀ. ತ್ರಿಜ್ಯದ ಗುಳ್ಳೆ 3.26 ಕಿಲೋಹರ್ಟ್ಜ್, 2 ಮಿ.ಮೀ. ಆದರೆ ಅದರ ಅರ್ಧ. ಅಳೆಯುವಾಗ ಇದನ್ನೇ ತಿರುಗಿಸಿ ಹಾಕುತ್ತೇವೆ, 3.26 ಅನ್ನು ಸ್ವರದಿಂದ ಭಾಗಿಸಿದರೆ ತ್ರಿಜ್ಯ.

ಇನ್ನು ಸೂಜಿ. ಈ ಇಡೀ ಕೆಲಸದಲ್ಲಿ ಮುಕ್ಕಾಲು ಪಾಲು ಸೂಜಿಯದೇ. ಎಲೆಕ್ಟ್ರಾನಿಕ್ಸ್ ಮೇಲೆ ವಾರಗಟ್ಟಲೆ ಸಮಯ ಸುರಿದು ಸೂಜಿಯನ್ನು ಕಡೆಗಣಿಸಿದ್ದು ನಾನು ಮಾಡಿದ ಮೊದಲ ದಡ್ಡತನ.

ಗುಳ್ಳೆಯನ್ನು ಸೂಜಿಯ ಬಾಯಲ್ಲಿ ಹಿಡಿದಿಡುವುದು ಮೇಲ್ಮೈ ಎಳೆತ, ಮೇಲಕ್ಕೆ ಕೀಳುವುದು ನೀರಿನ ತೇಲಿಸುವ ಬಲ. ಎರಡೂ ಸಮವಾದಾಗ ಗುಳ್ಳೆ ಬಿಡುತ್ತದೆ. ಹಾಗಾಗಿ ಗುಳ್ಳೆಯ ಗಾತ್ರವನ್ನು ತೂತಿನ ಅಗಲವೇ ನಿರ್ಧರಿಸುತ್ತದೆ, ಗ್ಯಾಸ್ ನಿಧಾನವಾಗಿ ಬರುತ್ತಿರುವವರೆಗೆ. 0.5 ಮಿ.ಮೀ. ವ್ಯಾಸದ ತೂತು ಸುಮಾರು 1.4 ಮಿ.ಮೀ. ತ್ರಿಜ್ಯದ ಗುಳ್ಳೆ ಕೊಡುತ್ತದೆ, ಅದರ ದನಿ 2330 ಹರ್ಟ್ಜ್ ಆಸುಪಾಸು. 1 ಮಿ.ಮೀ. ತೂತಿಗೆ 1850, 2 ಮಿ.ಮೀ.ಗೆ 1470. ತೂತು ಎರಡು ಪಟ್ಟಾದರೂ ಸ್ವರ ಅಷ್ಟೊಂದು ಇಳಿಯಲಿಲ್ಲ ನೋಡಿ, ಯಾಕೆಂದರೆ ಇಲ್ಲಿ ಘನಮೂಲ ಬರುತ್ತದೆ. ಸ್ವರ ಅರ್ಧಕ್ಕೆ ಇಳಿಯಬೇಕಾದರೆ ತೂತು ಎಂಟು ಪಟ್ಟಾಗಬೇಕು. ಇದರಿಂದ ನಮಗೆ ಒಳ್ಳೆಯದೇ ಆಯಿತು: ಸೂಜಿಯ ತೂತಿನಲ್ಲಿ ಸ್ವಲ್ಪ ಏರುಪೇರಿದ್ದರೂ ಗುಳ್ಳೆ ಹೆಚ್ಚು ಬದಲಾಗುವುದಿಲ್ಲ.

21 ಗೇಜಿನ ಇಂಜೆಕ್ಷನ್ ಸೂಜಿಯ ಒಳವ್ಯಾಸ ಹತ್ತಿರಹತ್ತಿರ 0.5 ಮಿ.ಮೀ. ನಾನು ಬಳಸುವುದು ಅದನ್ನೇ. ಆದರೆ ಅದರ ಓರೆ ಮೊನೆ ಹಾಗೇ ಇದ್ದರೆ ಗುಳ್ಳೆ ಒಮ್ಮೆ ಒಳಗಿನ ಅಂಚಿಗೆ, ಒಮ್ಮೆ ಹೊರಗಿನ ಅಂಚಿಗೆ ಜೋತುಬೀಳುತ್ತದೆ, ಒಂದೊಂದು ಗುಳ್ಳೆ ಒಂದೊಂದು ಅಳತೆ. ಅರದಿಂದ ಮೊನೆ ಕತ್ತರಿಸಿ, ಸಾಣೆಕಲ್ಲಿನ ಮೇಲೆ ಸೂಜಿಯನ್ನು ನೆಟ್ಟಗೆ ಹಿಡಿದು ಉಜ್ಜಿ ಬಾಯಿ ಚಪ್ಪಟೆ ಮಾಡಿ. ಒಳಗೆ ಸೇರಿದ ಲೋಹದ ಪುಡಿಯನ್ನು ತೆಳು ತಂತಿ ಹಾಕಿ ತೆಗೆಯಿರಿ. ಅಂಟು ಸುರಿಯಲು ಮೊಂಡು ಬಾಯಿಯ ಸೂಜಿಗಳೇ ಸಿಗುತ್ತವೆ. ಅವು ಸಿಕ್ಕರೆ ಈ ಕಷ್ಟವಿಲ್ಲ, ಬೆರಳಿಗೆ ಚುಚ್ಚುವ ಭಯವೂ ಇಲ್ಲ.

ಸೂಜಿ ಬಾಯಿ ಮೇಲೆ ಮಾಡಿ ನಿಲ್ಲಬೇಕು. ಅದರ ಮೇಲೆ ಕಡಿಮೆಯೆಂದರೆ 10 ಸೆಂ.ಮೀ. ನೀರಿರಲಿ, ಸುತ್ತಲಿನ ಗೋಡೆಗಳಿಂದ 5 ಸೆಂ.ಮೀ. ದೂರವಿರಲಿ. ಗೋಡೆಯೋ ನೀರಿನ ಮೇಲ್ಮೈಯೋ ಹತ್ತಿರವಿದ್ದರೆ ಗುಳ್ಳೆಗೆ ಅಂಟಿದ ನೀರಿನ ಭಾರ ಬದಲಾಗಿ ಸ್ವರ ಜರುಗುತ್ತದೆ. 1.4 ಮಿ.ಮೀ. ಗುಳ್ಳೆಗೆ ಗೋಡೆ 5 ಸೆಂ.ಮೀ. ದೂರದಲ್ಲಿದ್ದರೆ ತಪ್ಪು ಶೇ. 1ರ ಒಳಗೆ. ಸೂಜಿಯನ್ನು ಅಂಚಿಗೆ ತಂದು 1.5 ಸೆಂ.ಮೀ.ನಲ್ಲಿ ಇಟ್ಟರೆ ಶೇ. 2ರ ಮೇಲೆ ಹೋಗುತ್ತದೆ. ಸಣ್ಣದೆನ್ನಬೇಡಿ: ಗಾತ್ರ ತ್ರಿಜ್ಯದ ಘನವಾದ್ದರಿಂದ ಸ್ವರದ ಶೇ. 1ರ ತಪ್ಪು ಗಾತ್ರದಲ್ಲಿ ಶೇ. 3 ಆಗುತ್ತದೆ.

ಇಷ್ಟು ಮಾಡಿ ಬಾಟಲಿಯನ್ನು ಸೂಜಿಗೆ ಸೇರಿಸಿದಾಗ ನನಗೆ ಸಿಕ್ಕಿದ್ದು ಪುರ್ರ್ ಎಂದು ಹತ್ತು ಹದಿನೈದು ಗುಳ್ಳೆ, ಆಮೇಲೆ ಒಂದು ನಿಮಿಷ ಮೌನ, ಮತ್ತೆ ಪುರ್ರ್. ಯೀಸ್ಟ್ ಉಸಿರು ಕಟ್ಟಿ ಉಸಿರು ಬಿಡುತ್ತಿದೆಯೇನೋ ಎಂದುಕೊಂಡೆ. ಪಾಪ, ಯೀಸ್ಟಿನ ತಪ್ಪೇನೂ ಇರಲಿಲ್ಲ. 0.5 ಮಿ.ಮೀ. ತೂತಿನಿಂದ ಗುಳ್ಳೆಯನ್ನು ಹೊರಗೆ ನೂಕಲು ನೀರಿನ ಆಳದ ಒತ್ತಡದ ಮೇಲೆ ಇನ್ನೂ ಸುಮಾರು 6 ಸೆಂ.ಮೀ. ನೀರಿನಷ್ಟು ಒತ್ತಡ ಬೇಕು. ಗುಳ್ಳೆ ಅರ್ಧಗೋಲವನ್ನು ದಾಟಿತೆಂದರೆ ಬೇಕಾದ ಒತ್ತಡ ಒಮ್ಮೆಲೇ ಇಳಿಯುತ್ತದೆ. ಬಾಟಲಿಯ ಮೇಲ್ಭಾಗದಲ್ಲಿ ಅಷ್ಟು ಹೊತ್ತು ಅದುಮಿಕೊಂಡು ಕಾದಿದ್ದ ಗ್ಯಾಸೆಲ್ಲ ಆ ಬಾಗಿಲಿನಿಂದ ನುಗ್ಗುತ್ತದೆ. ನುಗ್ಗುವಾಗ ಗುಳ್ಳೆಗಳು ದೊಡ್ಡದಾಗುತ್ತವೆ, ಒಂದಕ್ಕೊಂದು ಅಂಟುತ್ತವೆ, ದನಿ ಕಲಸಿಹೋಗುತ್ತದೆ.

ಮದ್ದು ಸುಲಭ. ಸೂಜಿಯ ಬುಡದಲ್ಲೇ ದಾರಿಯನ್ನು ಇಕ್ಕಟ್ಟು ಮಾಡಿ. ನಾನು ಸೂಜಿಯ ಹಿಂದಿನ ಪ್ಲಾಸ್ಟಿಕ್ ತಲೆಯೊಳಗೆ ಹತ್ತಿಯನ್ನು ಬಿಗಿಯಾಗಿ ತುಂಬಿದೆ. ಇನ್ನೂ ಸಣ್ಣ ತೂತಿನ ಒಂದು ಸೂಜಿಯನ್ನು ನಡುವೆ ಸೇರಿಸಿದರೂ ಆಗುತ್ತದೆ. ಇಕ್ಕಟ್ಟಿನಿಂದ ಸೂಜಿಯ ಬಾಯಿಯವರೆಗಿನ ಜಾಗ ಆದಷ್ಟು ಚಿಕ್ಕದಿರಲಿ. ಬಾಟಲಿಯಲ್ಲಿ ಖಾಲಿ ಜಾಗವೂ ಕಡಿಮೆಯಿರಲಿ, ಕೊಳವೆ ಗಿಡ್ಡವಿರಲಿ, ಮೆತ್ತನೆಯ ರಬ್ಬರಿಗಿಂತ ಗಟ್ಟಿ ಪ್ಲಾಸ್ಟಿಕ್ ವಾಸಿ. ಹತ್ತಿ ಒದ್ದೆಯಾದರೆ ಮಾತ್ರ ದಾರಿ ಪೂರ್ತಿ ಕಟ್ಟಿಕೊಳ್ಳುತ್ತದೆ, ಗಾಜಿನ ಬಾಟಲಿ ಒತ್ತಡಕ್ಕೆ ಸಿಡಿಯಬಹುದು. ಆದ್ದರಿಂದ ಬಿರಡೆಯನ್ನು ತಂತಿ ಸುತ್ತಿ ಬಿಗಿಯಬೇಡಿ, ಒತ್ತಡ ಹೆಚ್ಚಾದರೆ ತಾನೇ ಕಳಚಿಕೊಳ್ಳುವಷ್ಟು ಸಡಿಲ ಇರಲಿ. ಯೀಸ್ಟಿನ ಬದಲು ಅಕ್ವೇರಿಯಂ ಪಂಪ್ ಬಳಸಿ ಅಭ್ಯಾಸ ಮಾಡುವವರು ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಕರೆಂಟ್ ಹೋದರೆ ನೀರು ಕೊಳವೆಯಲ್ಲಿ ಹಿಂದಕ್ಕೆ ಏರಿ ಪಂಪಿಗೆ ನುಗ್ಗುತ್ತದೆ.

ಸೆಕೆಂಡಿಗೆ ಎರಡು ಗುಳ್ಳೆಗಿಂತ ಹೆಚ್ಚು ನಾನು ಬಿಡುವುದಿಲ್ಲ. ಗ್ಯಾಸ್ ಹೆಚ್ಚಿದ್ದರೆ ಸೂಜಿಗಳನ್ನೇ ಹೆಚ್ಚಿಸುತ್ತೇನೆ.

ಕಿವಿಯ ಜಾಗದಲ್ಲಿ ಕೂರಿಸಬೇಕಾದ್ದು ಒಂದು ಪೀಜೋ ಬಿಲ್ಲೆ, ಅದುರಿದರೆ ವಿದ್ಯುತ್ ಹುಟ್ಟಿಸುವಂಥದ್ದು, ಬಜರ್‌ಗಳೊಳಗೆ ಇರುವಂಥದ್ದು, 27 ಮಿ.ಮೀ. ಅಗಲದ್ದು. ಶೀಲ್ಡ್ ಇರುವ ತಂತಿಯ ಹೊರ ಜಾಲರಿಯನ್ನು ಹಿತ್ತಾಳೆಗೆ, ಒಳ ಎಳೆಯನ್ನು ನಡುವಿನ ಬಿಳಿ ಭಾಗಕ್ಕೆ ಬೆಸುಗೆ ಹಾಕಿ. ಬಿಳಿ ಭಾಗದ ಮೇಲೆ ಕಾದ ಕಬ್ಬಿಣವನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಬೆಳ್ಳಿಯ ಲೇಪ ಎದ್ದುಬರುತ್ತದೆ. ಮೊದಲ ದಿನ ಬಿಲ್ಲೆಯನ್ನು ಜಾಡಿಯ ಹೊರಗೋಡೆಗೆ ಅಂಟಿಸಿಯೇ ಕೇಳಿ, ಅಷ್ಟರಿಂದಲೇ ಕೆಲಸ ನಡೆಯುತ್ತದೆ. ನೀರೊಳಗೇ ಇಳಿಸುವುದಾದರೆ ಎಪಾಕ್ಸಿ ಎರಡು ಪದರ ಬಳಿದು, ಒಂದು ದಿನ ಪೂರ್ತಿ ಒಣಗಲು ಬಿಡಿ. ಆಮೇಲೆ ಉಪ್ಪುನೀರಿನಲ್ಲಿ ಮುಳುಗಿಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನೀರಿಗೂ ಇನ್ನೊಂದನ್ನು ತಂತಿಯ ಒಳ ಎಳೆಗೂ ತಾಗಿಸಿ ಸೋರಿಕೆ ಇದೆಯೇ ನೋಡಿ. ಜಾಲರಿಗೂ ತಾಗಿಸಿ ಇನ್ನೊಮ್ಮೆ ನೋಡಿ.

ಇಂಥ ಬಿಲ್ಲೆ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 20 ನ್ಯಾನೋಫ್ಯಾರಡ್ ಕೆಪಾಸಿಟರ್. ಅದನ್ನು 10 ಕಿಲೋಓಮ್‌ನ ಮೈಕ್ ತೂತಿಗೆ ನೇರ ಸಿಕ್ಕಿಸಿದರೆ 800 ಹರ್ಟ್ಜ್‌ಗಿಂತ ಕೆಳಗಿನ ದನಿಯೆಲ್ಲ ಕರಗುತ್ತದೆ. ಹಾಗೆ ಕರಗದಿರಲೆಂದು ಬಹಳ ಜನ ನಡುವೆ ಬಫರ್ ಎಂಬ ಒಂದು ಸರ್ಕ್ಯೂಟ್ ಕಟ್ಟುತ್ತಾರೆ. ನಮ್ಮ ಗುಳ್ಳೆಗಳೆಲ್ಲ 1 ಕಿಲೋಹರ್ಟ್ಜ್‌ನ ಮೇಲೇ ಹಾಡುವುದರಿಂದ ನಾನು ಕಟ್ಟಲಿಲ್ಲ. ಫ್ಯಾನಿನ ಗುಂಯ್‌ಗುಟ್ಟುವಿಕೆ, ಮೇಜಿನ ಅದುರು, ಮನೆಯ ಕರೆಂಟಿನ ಗುಂಯ್ ಎಲ್ಲ ಕಾಸು ಖರ್ಚಿಲ್ಲದೆ ಸೋಸಿಹೋಗುತ್ತವೆ.

ನೀರು ತುಂಬಿದ ಕೂಡಲೇ ಅಳತೆಗೆ ಇಳಿಯಬೇಡಿ. ನಲ್ಲಿಯಿಂದ ರಭಸವಾಗಿ ಬಿದ್ದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ತುಂಬಿರುತ್ತವೆ, ಅವು ದನಿಯನ್ನು ನುಂಗುತ್ತವೆ. ಪರೀಕ್ಷೆ ಬೇಕೆಂದರೆ ಒಂದು ಗಾಜಿನ ಲೋಟಕ್ಕೆ ಬಿಸಿನೀರನ್ನು ರಭಸವಾಗಿ ಹಿಡಿದು, ಬಿಳಿಚಿಕೊಂಡಿರುವಾಗಲೇ ತಳವನ್ನು ಬೆರಳಿನಿಂದ ತಟ್ಟುತ್ತಾ ಹೋಗಿ. ಮೊದಲು ಮೊದ್ದು ದನಿ, ನೀರು ತಿಳಿಯಾದಂತೆ ಸ್ವರ ಏರುತ್ತಾ ಹೋಗುತ್ತದೆ. ತಿಳಿನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡಿದರೆ, ನೂರಕ್ಕೆ ಒಂದು ಪಾಲು ಗಾಳಿಗುಳ್ಳೆ ಬೆರೆತ ನೀರಿನಲ್ಲಿ 100 ಮೀಟರಿನ ಆಸುಪಾಸಿಗೆ ಕುಸಿಯುತ್ತದೆ. ಒಂದು ದಿನ ನಿಂತ ನೀರು ಒಳ್ಳೆಯದು, ಕುದಿಸಿ ಆರಿಸಿದ್ದು ಇನ್ನೂ ಒಳ್ಳೆಯದು. ಬಿಲ್ಲೆಯ ಮೇಲೆ, ಜಾಡಿಯ ಒಳಗೋಡೆಯ ಮೇಲೆ ಕೂತ ಗುಳ್ಳೆಗಳನ್ನು ಬ್ರಷ್‌ನಿಂದ ಒರೆಸಿಬಿಡಿ.

ಸೋಪನ್ನಂತೂ ಹತ್ತಿರ ಸುಳಿಯಲು ಬಿಡಬೇಡಿ. ಒಂದು ಸಲ ಜಾಡಿ ಗಲೀಜಾಗಿದೆಯೆಂದು ಚೆನ್ನಾಗಿ ತಿಕ್ಕಿ ತೊಳೆದಿಟ್ಟೆ. ಮರುದಿನ 2300ರಲ್ಲಿ ಇರಬೇಕಾದ ಸ್ವರ 3000 ದಾಟಿ ಕೂತಿದೆ, ದನಿಯೂ ಕ್ಷೀಣ. ಇಡೀ ಬೆಳಿಗ್ಗೆ ಸೂಜಿಯನ್ನು ಬೈದೆ. ತಿಕ್ಕಿದ ಸೋಪು ಸರಿಯಾಗಿ ಜಾಲಾಡದೆ ಉಳಿದು, ಮೇಲ್ಮೈ ಎಳೆತ ಅರ್ಧಕ್ಕಿಂತ ಕೆಳಗಿಳಿದಿತ್ತು. ಗುಳ್ಳೆಯನ್ನು ಹಿಡಿದಿಡುವ ಕೈಯೇ ಸೋತಮೇಲೆ ಅದು ಸಣ್ಣದಿರುವಾಗಲೇ ಕಳಚಿಕೊಳ್ಳುತ್ತದೆ, ಹರಿದ ಕತ್ತು ಒಳಸರಿಯುವ ಪೆಟ್ಟೂ ಮೆತ್ತಗಾಗುತ್ತದೆ.

ರೆಕಾರ್ಡ್ ಮಾಡಲು ಕಂಪ್ಯೂಟರಿನಲ್ಲಿ ಆಡಾಸಿಟಿಯಂಥ ಯಾವುದಾದರೂ ಉಚಿತ ತಂತ್ರಾಂಶ ಸಾಕು. ಸೆಕೆಂಡಿಗೆ 48,000 ಮಾದರಿ (ಅಂದರೆ ದನಿಯನ್ನು ಅಷ್ಟು ಸಲ ಅಳೆದು ಬರೆದಿಡುವುದು) ಇಟ್ಟುಕೊಳ್ಳಿ. ಗದ್ದಲ ತೆಗೆಯುವ, ದನಿಯನ್ನು ತಾನೇ ಏರಿಸಿ ಇಳಿಸುವ ಸೌಲಭ್ಯಗಳನ್ನೆಲ್ಲ ಆಫ್ ಮಾಡಿ. ಅವು ಟಿಕ್ ದನಿಯನ್ನೇ ಗದ್ದಲವೆಂದು ಗುಡಿಸಿಹಾಕುತ್ತವೆ. ಗುಳ್ಳೆ ಬಿಡುವ ಮೊದಲು ಜಾಡಿಯನ್ನು ಪೆನ್ಸಿಲಿನಿಂದ ಒಮ್ಮೆ ತಟ್ಟಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ತಟ್ಟಿದಾಗಲೂ 2300ರ ಹತ್ತಿರವೇ ಸ್ವರ ಬಂದರೆ ನೀವು ಕೇಳುತ್ತಿರುವುದು ಗಾಜನ್ನು. ಆಗ ಬೇರೆ ಜಾಡಿ ಹುಡುಕಿ.

ಒಂದು ಟಿಕ್ಕನ್ನು ಹಿಗ್ಗಿಸಿ ನೋಡಿದರೆ ಸುಂದರವಾದ ಅಲೆ ಕಾಣುತ್ತದೆ, ದಪ್ಪಗೆ ಶುರುವಾಗಿ ತೆಳ್ಳಗಾಗುತ್ತಾ ಸುಮಾರು 10 ಮಿಲಿಸೆಕೆಂಡಿನಲ್ಲಿ ಮಾಯ. ಇಲ್ಲಿ ಬಹುಪಾಲು ಜನ ಎಡವುತ್ತಾರೆ: ಸ್ಪೆಕ್ಟ್ರಮ್, ಅಂದರೆ ಯಾವ ಸ್ವರ ಎಷ್ಟಿದೆಯೆಂಬ ನಕ್ಷೆ, ತೆಗೆದು ಶಿಖರ ಎಲ್ಲಿದೆಯೆಂದು ನೋಡುತ್ತಾರೆ. 10 ಮಿಲಿಸೆಕೆಂಡಿನ ತುಣುಕಿನಿಂದ ಸ್ಪೆಕ್ಟ್ರಮ್‌ಗೆ 100 ಹರ್ಟ್ಜ್‌ಗಿಂತ ನುಣುಪಾಗಿ ಬೇರ್ಪಡಿಸಿ ತೋರಿಸಲಾಗದು. ಅಷ್ಟು ಒರಟಿನಲ್ಲಿ ಗಾತ್ರದ ಲೆಕ್ಕ ಶೇ. 10ಕ್ಕೂ ಮೇಲೆ ಅಲ್ಲಾಡುತ್ತದೆ. ಅದರ ಬದಲು ಅಲೆಗಳನ್ನೇ ಎಣಿಸಿ. ಮೊದಲ ಎರಡು ಅಲೆಗಳನ್ನು ಬಿಡಿ, ಆಗಿನ್ನೂ ಗುಳ್ಳೆಯ ಆಕಾರ ಸೊಟ್ಟಗಿರುತ್ತದೆ. ಅಲೆ ನಡುಗೆರೆಯನ್ನು ಮೇಲ್ಮುಖವಾಗಿ ದಾಟುವ ಒಂದು ಬಿಂದುವಿನಿಂದ ಹಿಡಿದು ಹತ್ತು ಸುತ್ತು ಮುಂದಿನ ಅಂಥದ್ದೇ ಬಿಂದುವಿನವರೆಗೆ ಎಷ್ಟು ಮಾದರಿಗಳೆಂದು ನೋಡಿ. 206 ಬಂದರೆ 4.29 ಮಿಲಿಸೆಕೆಂಡ್, ಅಂದರೆ 2330 ಹರ್ಟ್ಜ್. ಒಂದು ಮಾದರಿ ಆಚೀಚೆ ಆದರೂ ತಪ್ಪು ಶೇ. ಅರ್ಧ. ದನಿ ಎಷ್ಟು ಜೋರಾಗಿತ್ತೆಂಬುದರ ಮೇಲೆ ಯಾವ ಲೆಕ್ಕವನ್ನೂ ಕಟ್ಟಬೇಡಿ. ಅಷ್ಟು ಸಣ್ಣ ಜಾಡಿಯಲ್ಲಿ ಜೋರು ಎಂಬುದು ಬಿಲ್ಲೆ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಸ್ವರವನ್ನು ಮಾತ್ರ ನಂಬಿ.

ಎಲ್ಲ ಗುಳ್ಳೆಗೂ ಹೀಗೆ ಕೂತು ಅಳೆಯಬೇಕಿಲ್ಲ. ಇಪ್ಪತ್ತನ್ನು ಅಳೆದು ಸರಾಸರಿ ತೆಗೆಯಿರಿ. ಎಣಿಕೆಗೆ 1000 ಹರ್ಟ್ಜ್‌ನ ಕೆಳಗಿನದನ್ನು ಸೋಸಿ, ಒಂದು ಎತ್ತರದ ಗೆರೆ ಹಾಕಿ, ಗೆರೆ ದಾಟಿದ ಮೇಲೆ 20 ಮಿಲಿಸೆಕೆಂಡ್ ಕಣ್ಣು ಮುಚ್ಚಿಕೊಳ್ಳುವಂತೆ ನಾಲ್ಕು ಸಾಲಿನ ಪ್ರೋಗ್ರಾಂ ಬರೆದರೆ ಆಯಿತು.

ಇನ್ನು ಮೀಟರನ್ನು ಪರೀಕ್ಷಿಸಬೇಕು. ಸಿರಿಂಜಿನಿಂದ ಸಾದಾ ಗಾಳಿಯನ್ನು ನಿಧಾನವಾಗಿ ಬಿಟ್ಟು, ಸೂಜಿಯ ಮೇಲೆ ನೀರು ತುಂಬಿದ ಅಳತೆ ಜಾಡಿಯನ್ನು ಬೋರಲು ಹಾಕಿ ಗುಳ್ಳೆಗಳನ್ನೆಲ್ಲ ಹಿಡಿದೆ. 10 ಮಿ.ಲೀ. ತುಂಬುವಷ್ಟರಲ್ಲಿ 812 ಟಿಕ್. ಸರಾಸರಿ ಸ್ವರ 2290 ಹರ್ಟ್ಜ್, ಅಂದರೆ ತ್ರಿಜ್ಯ 1.42 ಮಿ.ಮೀ., ಒಂದು ಗುಳ್ಳೆಗೆ 12.1 ಘನ ಮಿ.ಮೀ. ಗುಣಿಸಿದರೆ 9.8 ಮಿ.ಲೀ. ಆ ಸಂಜೆ ಜಾಡಿಯನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಖುಷಿ ಯೀಸ್ಟ್ ಬಾಟಲಿ ಸೇರಿಸುವವರೆಗೆ ಮಾತ್ರ. ದನಿಯ ಲೆಕ್ಕ ಅಳತೆ ಜಾಡಿಯಲ್ಲಿ ಕೂಡಿದ್ದಕ್ಕಿಂತ ಬಹಳ ಹೆಚ್ಚು ತೋರಿಸತೊಡಗಿತು. ಒಂದು ತಪ್ಪು ನನ್ನದೇ. 3.26 ಎಂಬುದು ಗಾಳಿಯ ಸಂಖ್ಯೆ. ಸ್ಪ್ರಿಂಗಿನ ಬಿರುಸು ಗ್ಯಾಸಿನಿಂದ ಗ್ಯಾಸಿಗೆ ಬೇರೆ: ಗಾಳಿಗೆ 1.40, ಕಾರ್ಬನ್ ಡೈ ಆಕ್ಸೈಡಿಗೆ 1.30. ಇವುಗಳ ವರ್ಗಮೂಲದ ಅನುಪಾತ ಹಿಡಿದರೆ 3.26 ಹೋಗಿ 3.14 ಆಗುತ್ತದೆ. (ಪೈಗೂ ಇದಕ್ಕೂ ಸಂಬಂಧವಿಲ್ಲ, ನೆನಪಿಡಲು ಮಾತ್ರ ಅನುಕೂಲ.) ಇದನ್ನು ಮರೆತರೆ ಗಾತ್ರ ಶೇ. 12ರಷ್ಟು ಉಬ್ಬುತ್ತದೆ. ಮೊದಮೊದಲು ಬರುವುದು ಬಾಟಲಿಯಲ್ಲಿ ಮುಂಚೆಯೇ ಇದ್ದ ಗಾಳಿ, ಅದು ಹೊರಹೋದಮೇಲೆ ಸಂಖ್ಯೆ ಬದಲಿಸಿ.

ಅದನ್ನು ತಿದ್ದಿದರೂ ದನಿಯೇ ಮುಂದಿತ್ತು. ಮತ್ತೆ ಸೂಜಿ ತೆಗೆದೆ, ತಿಕ್ಕಿದೆ, ಬಿಲ್ಲೆ ಬದಲಿಸಿದೆ. ಎರಡು ದಿನ ಆದಮೇಲೆ ಹೊಳೆಯಿತು, ತಪ್ಪುತ್ತಿರುವುದು ಅಳತೆ ಜಾಡಿ. ಕಾರ್ಬನ್ ಡೈ ಆಕ್ಸೈಡ್ ನೀರಿನಲ್ಲಿ ಕರಗುವ ಗ್ಯಾಸ್. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹತ್ತಿರಹತ್ತಿರ ಅಷ್ಟೇ ಗಾತ್ರದ ಗ್ಯಾಸನ್ನು ನುಂಗಬಲ್ಲದು. ಗುಳ್ಳೆ ಮೇಲೇರುವಾಗ ಒಂದಿಷ್ಟು, ಜಾಡಿಯಲ್ಲಿ ಕೂತಮೇಲೆ ಇನ್ನಷ್ಟು ಕರಗಿ ಹೋಗುತ್ತಿತ್ತು. ದನಿ ಹುಟ್ಟುವುದು ಕತ್ತು ಹರಿದ ಗಳಿಗೆಯಲ್ಲಿ, ನೀರು ಒಂದು ತುತ್ತನ್ನೂ ತಿನ್ನುವ ಮೊದಲು. ಹಾಗಾಗಿ ಕರಗುವ ಗ್ಯಾಸುಗಳಿಗೆ ಹಿಡಿದು ಅಳೆಯುವುದಕ್ಕಿಂತ ಕೇಳಿ ಅಳೆಯುವುದೇ ಸರಿ.

ಇದೇ ಕಾರಣಕ್ಕೆ ಸಮುದ್ರದ ತಳದ ಸೋರಿಕೆಯನ್ನೂ ಕೇಳಿ ಅಳೆಯುವವರಿದ್ದಾರೆ. 2012ರಲ್ಲಿ ಸ್ಕಾಟ್ಲೆಂಡಿನ ಆರ್ಡ್‌ಮಕ್ನಿಶ್ ಕೊಲ್ಲಿಯಲ್ಲಿ ಕಾರ್ಬನ್ ಡೈ ಆಕ್ಸೈಡನ್ನು ಬೇಕೆಂದೇ ಸಮುದ್ರತಳದ ಕೆಸರಿನಡಿ ಬಿಟ್ಟು, ಹೊರಬರುವ ಗುಳ್ಳೆಗಳ ದನಿಯಿಂದ ಪ್ರಮಾಣ ಲೆಕ್ಕ ಹಾಕಿದರು. ಆಳದಲ್ಲಿ ನೀವು ಇನ್ನೊಂದು ತಿದ್ದುಪಡಿ ಮಾಡಬೇಕು: ಒತ್ತಡ ಹೆಚ್ಚಿದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಅದೇ ಅಳತೆಯ ಗುಳ್ಳೆಯ ಸ್ವರ 1.41 ಪಟ್ಟು. ಜಾಡಿಯ 15 ಸೆಂ.ಮೀ. ನೀರಿಗೆ ಇದು ಶೇ. 1 ಕೂಡ ಆಗದು, ಬಿಟ್ಟುಬಿಡಿ. ಅತ್ತ ತೀರಾ ಸಣ್ಣ ಗುಳ್ಳೆಗಳ ಕಡೆ ಹೋದರೆ, ತುಂತುರು ಮಳೆಯ ಹನಿ ನೀರಿಗೆ ಬಿದ್ದು ಸಿಕ್ಕಿಸಿಕೊಳ್ಳುವ ಗುಳ್ಳೆ 14 ಕಿಲೋಹರ್ಟ್ಜ್ ಸುತ್ತ ಹಾಡುತ್ತದೆ. ಅಲ್ಟ್ರಾಸೌಂಡ್ ಸ್ಕ್ಯಾನಿಗೆಂದು ರಕ್ತಕ್ಕೆ ಬಿಡುವ ಕೆಲವೇ ಮೈಕ್ರೋಮೀಟರಿನ ಗುಳ್ಳೆಗಳು ಮೆಗಾಹರ್ಟ್ಜ್‌ನಲ್ಲಿ ಕಂಪಿಸುತ್ತವೆ. ಅಷ್ಟು ಸಣ್ಣದಕ್ಕೆ ಮೇಲ್ಮೈ ಎಳೆತವೂ ಗುಳ್ಳೆಯ ಹೊದಿಕೆಯೂ ಸ್ಪ್ರಿಂಗಿನ ಜೊತೆ ಸೇರಿಕೊಳ್ಳುವುದರಿಂದ ನಮ್ಮ ಸರಳ ಭಾಗಾಕಾರ ಅಲ್ಲಿ ನಡೆಯುವುದಿಲ್ಲ.

ಈಗ ನನ್ನ ಮೇಜಿನ ಮೇಲೆ ಎರಡು ಬಾಟಲಿಗಳಿವೆ, ಒಂದು ಬೆಚ್ಚಗಿನ ನೀರಿನದು, ಒಂದು ತಣ್ಣನೆಯದು. ಎರಡರ ಕೊಳವೆಗಳೂ ಒಂದೇ ಜಾಡಿಗೆ ಬರುತ್ತವೆ, ಕೇಳಲು ಒಂದೇ ಬಿಲ್ಲೆ. ಬೆಚ್ಚಗಿನದಕ್ಕೆ 0.5 ಮಿ.ಮೀ. ಸೂಜಿ, ತಣ್ಣನೆಯದಕ್ಕೆ 2 ಮಿ.ಮೀ. ನಳಿಗೆ. ಒಂದು 2250ರ ಆಸುಪಾಸು, ಇನ್ನೊಂದು 1420ರ ಆಸುಪಾಸು, ಕಿವಿಗೇ ಬೇರೆ ಗೊತ್ತಾಗುತ್ತದೆ. ಎರಡೂ ತುದಿಗಳ ನಡುವೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ, ಹತ್ತಿರ ತಂದರೆ ಒಂದರ ಗುಳ್ಳೆ ಇನ್ನೊಂದರ ಸ್ವರವನ್ನು ಎಳೆಯುತ್ತದೆ. ಮೂರನೆಯ ಬಾಟಲಿಗೆ 1 ಮಿ.ಮೀ. ಸೂಜಿ ಹಾಕಿ ನೋಡಿದೆ. ಸ್ವರ ಎರಡರ ನಡುವೆ ಸರಿಯಾಗಿಯೇ ಕೂತಿತು, ಆದರೆ ಮೂರೂ ಒಟ್ಟಿಗೆ ಟಿಕ್ ಎಂದಾಗ ನನ್ನ ನಾಲ್ಕು ಸಾಲಿನ ಪ್ರೋಗ್ರಾಂ ಕೈಯೆತ್ತಿತು. ಮೂರನೆಯದನ್ನು ತೆಗೆದು ಬೇರೆ ಜಾಡಿಗೆ ಹಾಕಿದ್ದೇನೆ.